ಹಳೆಯ ಟ್ರೇಡ್ ಕಾರ್ಡ್ ಕೂಡಿಡೋದಾದ್ರೆ ಯಾವುದರಿಂದ ಶುರು ಮಾಡಬೇಕು?

ನನ್ನ ಮೇಜಿನ ಮೇಲೆ ಈಗ ಒಂದು ಕಾರ್ಡ್ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಅದರಲ್ಲೊಂದು ಆನೆ, ಹೆಸರು ಜಂಬೋ. ಪಿ. ಟಿ. ಬಾರ್ನಮ್ 1882ರಲ್ಲಿ ಲಂಡನ್ ಮೃಗಾಲಯದಿಂದ ಈ ಆನೆಯನ್ನು ತನ್ನ ಸರ್ಕಸ್ಸಿಗೆ ಕೊಂಡ. ಕಳಿಸಬೇಡಿ ಅಂತ ಇಂಗ್ಲೆಂಡಿನ ಮಕ್ಕಳು ವಿಕ್ಟೋರಿಯಾ ರಾಣಿಗೆ ಕಾಗದ ಬರೆದರು. ಎಲ್ಲರ ಬಾಯಲ್ಲೂ ಅದೇ ಮಾತು. ಆಗ ಅಮೆರಿಕದ ಕನೆಕ್ಟಿಕಟ್‌ನಲ್ಲಿದ್ದ ವಿಲಿಮ್ಯಾಂಟಿಕ್ ಎಂಬ ಹೊಲಿಗೆ ದಾರದ ಕಂಪನಿ ಒಂದು ಕಾರ್ಡ್ ಹೊರಡಿಸಿತು. ಜಂಬೋ ಹೋಗಲೇಬೇಕು, ಯಾಕಂದ್ರೆ ಅದನ್ನು ಎಳೆಯುತ್ತಿರುವುದು ವಿಲಿಮ್ಯಾಂಟಿಕ್ ದಾರ ಅಂತ ಅದರ ಮೇಲೆ ಅಚ್ಚಾಗಿದೆ. ಪತ್ರಿಕೆಯ ಸುದ್ದಿ ಹಳತಾಗುವ ಮುಂಚೆ ದಾರದ ಜಾಹೀರಾತಾಗಿತ್ತು.

ಇಂಥ ಕಾರ್ಡುಗಳಿಗೆ ಟ್ರೇಡ್ ಕಾರ್ಡ್ ಅಂತಾರೆ. ಅಂಗಡಿಯ ಕೌಂಟರಿನ ಮೇಲೆ ಇಡುತ್ತಿದ್ದರು, ಗಿರಾಕಿ ಹೊರಡುವಾಗ ಕೈಗೆ ಕೊಡುತ್ತಿದ್ದರು. ಅಮೆರಿಕದಲ್ಲಿ ಇವು ಮನೆಮನೆಗೆ ಹೋಗತೊಡಗಿದ್ದು 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದ ನಂತರ. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಮುದ್ರಿಸುವ ಕ್ರೋಮೋಲಿಥೋಗ್ರಫಿ ಆಗ ಅಗ್ಗವಾಗಿತ್ತು. ಮನೆಯಲ್ಲಿ ಬಣ್ಣದ ಚಿತ್ರವೇ ಅಪರೂಪವಾಗಿದ್ದ ಕಾಲ. ಹೆಂಗಸರು ಮಕ್ಕಳು ಇವನ್ನು ಕೂಡಿಟ್ಟು ಸ್ಕ್ರ್ಯಾಪ್‌ಬುಕ್ಕಿಗೆ ಅಂಟಿಸಿದರು. 1890ರ ದಶಕ ಮುಗಿಯುವ ಹೊತ್ತಿಗೆ ಮ್ಯಾಗಜೀನ್ ಜಾಹೀರಾತು, ಪೋಸ್ಟ್‌ಕಾರ್ಡ್ ಬಂದು ಇವುಗಳ ಕಾಲ ಮುಗಿಯಿತು.

ನಾನು ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷ ಆಯ್ತು. ಅಪ್ಪ ತಿಪಟೂರಿನಲ್ಲಿ ದರ್ಜಿ. ಸಿಂಗರ್ ಮಿಷನ್ನಿನ ಸದ್ದು, ಕೋಟ್ಸ್ ದಾರದ ರೀಲು, ಇವುಗಳ ನಡುವೆ ಬೆಳೆದವನು ನಾನು. ಇಲ್ಲಿನ ಒಂದು ಭಾನುವಾರದ ಸಂತೆಯಲ್ಲಿ ಶೂ ಡಬ್ಬಿ ತುಂಬ ಹಳೆಯ ಕಾರ್ಡ್ ಕಂಡೆ. ಮೇಲಿದ್ದದ್ದೇ ಕೋಟ್ಸ್ ದಾರದ್ದು. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಗೆಳೆಯರು ಕೇಳ್ತಾರೆ, ನಾವೂ ಶುರು ಮಾಡಬೇಕು, ಯಾವುದು ಕೊಳ್ಳೋದು ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರ ಚೆನ್ನಾಗಿದೆ ಅಂತ ಕಂಡದ್ದನ್ನೆಲ್ಲ ಕೊಳ್ಳಬೇಡಿ. ಒಂದು ಸರಕು ಹಿಡಿಯಿರಿ. ಕಾರ್ಡಿನ ಬೆನ್ನು ಓದಿ ಕೊಳ್ಳಿ.

ಸ್ಟಾಕ್ ಕಾರ್ಡೋ, ಕಂಪನಿ ಕಾರ್ಡೋ?

ಮೊದಲು ಆರಿಸಬೇಕಾದ್ದು ಇದನ್ನೇ. ಸ್ಟಾಕ್ ಕಾರ್ಡ್ ಅಂದ್ರೆ ಮುದ್ರಕರು ಮೊದಲೇ ಚಿತ್ರ ಅಚ್ಚು ಹಾಕಿ, ಒಂದು ಮೂಲೆ ಖಾಲಿ ಬಿಟ್ಟು, ಕಟ್ಟುಗಟ್ಟಲೆ ಮಾರುತ್ತಿದ್ದದ್ದು. ಕೊಂಡ ಅಂಗಡಿಯವರು ಆ ಖಾಲಿ ಜಾಗದಲ್ಲಿ ತಮ್ಮ ಹೆಸರು ಹಾಕಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಶಿವಕಾಶಿ ಕ್ಯಾಲೆಂಡರಿನ ಕೆಳಗೆ ಜವಳಿ ಅಂಗಡಿಯ ಹೆಸರು ಇರುತ್ತಲ್ಲ, ಹಾಗೆಯೇ. ಹೂಬುಟ್ಟಿ ಹಿಡಿದ ಅದೇ ಹುಡುಗಿ ಒಂದು ಊರಲ್ಲಿ ಚಪ್ಪಲಿ ಮಾರುತ್ತಾಳೆ, ಇನ್ನೊಂದು ಊರಲ್ಲಿ ಕಲ್ಲಿದ್ದಲು ಮಾರುತ್ತಾಳೆ. ಚಿತ್ರಕ್ಕೂ ಸರಕಿಗೂ ಸಂಬಂಧ ಇಲ್ಲ.

ಕಂಪನಿ ಕಾರ್ಡನ್ನು ಇಲ್ಲಿನ ಸಂಗ್ರಾಹಕರು ಪ್ರೈವೇಟ್ ಕಾರ್ಡ್ ಅಂತಾರೆ. ಒಂದೇ ಕಂಪನಿ ತನ್ನ ಒಂದೇ ಸರಕಿಗೆ ಬರೆಸಿದ ಚಿತ್ರ. ಜಂಬೋ ಕಾರ್ಡ್ ಅಂಥದ್ದು. ಇದರ ಬೆನ್ನ ಮೇಲೆ ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ತುಂಬ ಬರೆದಿರುತ್ತದೆ. ಬೆಲೆ, ಬಳಸುವ ರೀತಿ, ಗೆದ್ದ ಪದಕ, ಕಾರ್ಖಾನೆಯ ವಿಳಾಸ, ಯಾವುದೋ ಹಳ್ಳಿಯ ಹೆಂಗಸು ಬರೆದ ಮೆಚ್ಚುಗೆಯ ಕಾಗದ.

ಬೆಲೆಯಲ್ಲಿ ಸ್ಟಾಕ್ ಕಾರ್ಡೇ ಅಗ್ಗ. ಸಂತೆಯಲ್ಲಿ ಎರಡು ಮೂರು ಡಾಲರಿಗೂ ಸಿಗುತ್ತದೆ. ಹಾಗಾಗಿ ಹೊಸಬರು ಇದನ್ನೇ ರಾಶಿ ಹಾಕಿಕೊಳ್ಳುತ್ತಾರೆ. ನಾನೂ ಹಾಕಿಕೊಂಡೆ. ಮೊದಲ ವರ್ಷ ಇನ್ನೂರಕ್ಕೂ ಜಾಸ್ತಿ ಕೊಂಡೆ. ಒಂದು ರಾತ್ರಿ ಎಲ್ಲವನ್ನೂ ಹರಡಿಕೊಂಡು ಕೂತಾಗ ಹೇಳಿಕೊಳ್ಳಲು ಒಂದು ಕತೆಯೂ ಸಿಗಲಿಲ್ಲ. ಬೆಕ್ಕಿನ ಮರಿ, ಹೂವು, ಮತ್ತೆ ಬೆಕ್ಕಿನ ಮರಿ. ಅದೇ ಒಂಬತ್ತು ದಾರದ ಕಾರ್ಡ್ ಪಕ್ಕಪಕ್ಕ ಇಟ್ಟರೆ ಕೋಟ್ಸ್, ಕ್ಲಾರ್ಕ್, ವಿಲಿಮ್ಯಾಂಟಿಕ್ ಮೂವರೂ ಜಗಳ ಆಡುವುದು ಕೇಳಿಸುತ್ತದೆ. ಕ್ಲಾರ್ಕ್ ಕಂಪನಿ ತನ್ನ ದಾರಕ್ಕೆ ‘ಓ. ಎನ್. ಟಿ.’ ಅಂತ ಹೆಸರಿಟ್ಟಿತ್ತು. ‘ನಮ್ಮ ಹೊಸ ದಾರ’ ಅಂತ ಅದರ ಅರ್ಥ. ಕೈಹೊಲಿಗೆಗೂ ಮಿಷನ್ನಿಗೂ ಒಂದೇ ದಾರ ಆಗುತ್ತದೆ ಅನ್ನುವುದು ಆಗ ದೊಡ್ಡ ಮಾತು. ಕೋಟ್ಸ್ ಮತ್ತು ಕ್ಲಾರ್ಕ್ ಎರಡೂ ಸ್ಕಾಟ್ಲೆಂಡಿನ ಪೇಸ್ಲಿ ಊರಿನಿಂದ ಬಂದ ಕಂಪನಿಗಳು. 1896ರಲ್ಲಿ ಎರಡೂ ಒಂದಾದವು. ಅದಕ್ಕೆ ಮುಂಚಿನ ಕಾರ್ಡುಗಳಲ್ಲಿ ಇಬ್ಬರ ಪೈಪೋಟಿ ಹಾಗೇ ಉಳಿದಿದೆ.

ಕಂಪನಿ ಕಾರ್ಡಿಗೆ ವರ್ಷ ಹಚ್ಚುವುದೂ ಸುಲಭ. ಲಿಡಿಯಾ ಪಿಂಕಮ್ ಹೆಸರಿನ ಔಷಧದ ಒಂದು ಕಾರ್ಡಿನಲ್ಲಿ ಬ್ರೂಕ್ಲಿನ್ ಸೇತುವೆ ಇದೆ. ಸೇತುವೆಗೇ ಔಷಧದ ದೊಡ್ಡ ಬ್ಯಾನರ್ ಕಟ್ಟಿದ ಹಾಗೆ ಬರೆದಿದ್ದಾರೆ. ನಿಜವಾದ ಸೇತುವೆಗೆ ಅಂಥ ಬ್ಯಾನರ್ ಯಾರೂ ಕಟ್ಟಿರಲಿಲ್ಲ. ಸೇತುವೆ ತೆರೆದದ್ದು 1883ರ ಮೇ ತಿಂಗಳಲ್ಲಿ. ಆ ಸಂಭ್ರಮದ ಬಿಸಿಯಲ್ಲೇ ಬಂದ ಕಾರ್ಡ್ ಅಂತ ಹೇಳಬಹುದು. ಸ್ಟಾಕ್ ಕಾರ್ಡಿನ ಬೆಕ್ಕಿನ ಮರಿಗೆ ಹೀಗೆ ವರ್ಷ ಹೇಳಲು ಆಗುವುದಿಲ್ಲ.

ಆದರೆ ಸ್ಟಾಕ್ ಕಾರ್ಡ್ ಚೆನ್ನಾಗಿ ಒಪ್ಪುವ ಒಂದು ಜಾಗ ಇದೆ. ನೀವು ಇಲ್ಲಿನ ಯಾವುದಾದರೂ ಸಣ್ಣ ಊರಲ್ಲಿ ನೆಲೆಸಿದ್ದರೆ ಆ ಊರಿನ ಅಂಗಡಿಗಳ ಹೆಸರಿರುವ ಕಾರ್ಡನ್ನು ಮಾತ್ರ ಕೂಡಿಡಿ. ಹಾಸನದ ಕಡೆಯ ನನ್ನ ಗೆಳೆಯನೊಬ್ಬ ಹೀಗೇ ಮಾಡುತ್ತಾನೆ. ಚಿತ್ರ ಏನೇ ಇರಲಿ, ಇಲ್ಲಿ ಅವನು ನೆಲೆಸಿರುವ ಊರಿನ ಬೀದಿಯ ಹೆಸರು ಇರಬೇಕು. ನೂರ ನಲವತ್ತು ವರ್ಷದ ಹಿಂದೆ ಹಾರ್ಡ್‌ವೇರ್ ಅಂಗಡಿ ಇದ್ದ ಕಟ್ಟಡದಲ್ಲೇ ಈಗ ಅವನು ಕಟಿಂಗ್ ಮಾಡಿಸಿಕೊಳ್ಳುತ್ತಾನೆ. ಅವನ ಸಂಗ್ರಹ ಕಂಡರೆ ನನಗೆ ನಿಜವಾಗಿ ಆಸೆ ಆಗುತ್ತದೆ.

ಔಷಧಿ ಕಾರ್ಡು ಮತ್ತು ನಕಲಿಯ ಕಾಟ

ಓದಲು ಔಷಧಿ ಕಾರ್ಡಿನಷ್ಟು ರುಚಿ ಬೇರೆ ಯಾವುದರಲ್ಲೂ ಇಲ್ಲ. ಮ್ಯಾಸಚೂಸೆಟ್ಸ್‌ನ ಲೋವೆಲ್ ಒಂದೇ ಊರಿನಿಂದ ಏಯರ್ ಮತ್ತು ಹುಡ್ ಎರಡು ದೊಡ್ಡ ಔಷಧಿ ಕಂಪನಿಗಳ ಕಾರ್ಡ್ ಹೊರಬಂದವು. ರಕ್ತ ಶುದ್ಧಿ, ಕೂದಲು, ಕೆಮ್ಮು, ಎಲ್ಲಕ್ಕೂ ಮದ್ದು. ಏನು ಬೇಕಾದರೂ ವಾಸಿಯಾಗುತ್ತದೆ ಅಂತ ಬರೆಯಬಹುದಾಗಿದ್ದ ಕಾಲ ಅದು. 1906ರಲ್ಲಿ ಆಹಾರ ಮತ್ತು ಔಷಧಿ ಕಾನೂನು ಬಂದ ಮೇಲೆ ಬಾಟಲಿಯ ಒಳಗೆ ಎಷ್ಟು ಆಲ್ಕೋಹಾಲ್ ಇದೆ ಅಂತ ಚೀಟಿಯಲ್ಲಿ ಹೇಳಲೇಬೇಕಾಯ್ತು.

ತೊಂದರೆ ಏನಂದ್ರೆ ನಕಲಿ ಜಾಸ್ತಿ ಇರುವುದೂ ಇಲ್ಲೇ. ಅದರಲ್ಲೂ ಆಲ್ಬನಿಯ ಲಾಯ್ಡ್ ಕಂಪನಿಯ ಹಲ್ಲುನೋವಿನ ಕೊಕೇನ್ ಹನಿಯ ಕಾರ್ಡ್. 1885ರದು. ಮಕ್ಕಳು ಆಟ ಆಡುತ್ತಿರುವ ಚಿತ್ರ, ಬೆಲೆ 15 ಸೆಂಟ್ ಅಂತ ಬರೆದಿದೆ. ಮಕ್ಕಳ ಹಲ್ಲುನೋವಿಗೆ ಕೊಕೇನ್! ಈಗಿನವರಿಗೆ ನಂಬಲು ಆಗದ ಚಿತ್ರ ಆದ್ದರಿಂದ ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ. ನಾನೂ ಒಬ್ಬ ವ್ಯಾಪಾರಿಯಿಂದ ಒಳ್ಳೆ ಬೆಲೆ ಕೊಟ್ಟು ಇದನ್ನು ಕೊಂಡೆ. ಮನೆಗೆ ಬಂದು ಲೂಪ್, ಅಂದ್ರೆ ಸಣ್ಣ ಭೂತಗನ್ನಡಿ, ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು.

ಏನು ನೋಡಬೇಕು ಅಂತ ಹೇಳ್ತೀನಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ತೆಗೆದುಕೊಳ್ಳಿ. ಚಿತ್ರದಲ್ಲಿರುವ ಮಗುವಿನ ಕೆನ್ನೆಯ ಮೇಲೆ ಇಡಿ. ಅಸಲಿ ಕಾರ್ಡಿನಲ್ಲಿ ಗುಲಾಬಿ ಚುಕ್ಕಿಗಳು ರಾಗಿ ಚೆಲ್ಲಿದ ಹಾಗೆ ಇರುತ್ತವೆ. ಒಂದು ದಪ್ಪ, ಒಂದು ಸಣ್ಣ, ಸಾಲಿಲ್ಲ ಲೆಕ್ಕವಿಲ್ಲ. ಯಾರೋ ಕೈಯಾರೆ ಕಲ್ಲಿನ ಮೇಲೆ ಇಟ್ಟ ಚುಕ್ಕಿಗಳವು. ಪಕ್ಕದಲ್ಲಿ ಬೂದು, ತಿಳಿ ನೀಲಿ, ಕಂದು, ಹೀಗೆ ಆರೇಳು ಬೇರೆ ಬೇರೆ ಶಾಯಿ ಕಾಣುತ್ತದೆ. ನಕಲಿಯಲ್ಲಿ ಚುಕ್ಕಿಗಳು ರಂಗೋಲಿಗೆ ಇಟ್ಟ ಹಾಗೆ ಸಾಲಾಗಿ ಕೂತಿರುತ್ತವೆ. ಈಗಿನ ಅಚ್ಚಿನ ನಾಲ್ಕೇ ಬಣ್ಣದ ಚುಕ್ಕಿಗಳು ಸೇರಿ ಸಣ್ಣ ಸಣ್ಣ ಹೂವಿನಾಕಾರ ಆಗಿರುತ್ತವೆ. ನನ್ನ ಕಾರ್ಡಿನ ತುಂಬ ಅದೇ ಹೂವು. ಒಂದು ಎಚ್ಚರ: 1879ರ ನಂತರ ಬೆನ್ ಡೇ ಎಂಬ ವಿಧಾನ ಬಂದು ಕೆಲವು ಅಸಲಿ ಕಾರ್ಡಿನಲ್ಲೂ ಸಾಲು ಚುಕ್ಕಿ ಇರುತ್ತದೆ. ಸಾಲು ಕಂಡ ಕೂಡಲೇ ನಕಲಿ ಅನ್ನಬೇಡಿ. ನಾಲ್ಕು ಬಣ್ಣದ ಹೂವು ಇದೆಯಾ ಅಂತ ನೋಡಿ.

ಅನುಮಾನ ಉಳಿದರೆ ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಬಿಡಿ. ಎರಡನೇ ಮಹಾಯುದ್ಧದ ನಂತರದ ಕಾಗದದಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಸೇರಿಸುತ್ತಾರೆ. ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. ಹಳೆಯ ಕಾಗದ ಮಂಕಾಗೇ ಇರುತ್ತದೆ.

ಹಾಗಾಗಿ ಮೊದಲ ಆರು ತಿಂಗಳು ಔಷಧಿ ಬೇಡ. ದಾರ, ಸೋಪು, ಒಲೆ ಪಾಲಿಶ್ ಇವುಗಳಲ್ಲಿ ಕಣ್ಣು ಪಳಗಲಿ. ಐದು ಡಾಲರಿನ ದಾರದ ಕಾರ್ಡನ್ನು ನಕಲು ಮಾಡಿ ಯಾರಿಗೂ ಲಾಭ ಇಲ್ಲ.

ಸೆಟ್ ಪೂರ್ತಿ ಮಾಡುವ ಆಸೆ ಇದ್ದವರಿಗೆ

ಕೆಲವರ ಸ್ವಭಾವವೇ ಹಾಗೆ. ಐವತ್ತರಲ್ಲಿ ನಲವತ್ತೊಂಬತ್ತು ಸಿಕ್ಕರೆ ನಿದ್ದೆ ಬರುವುದಿಲ್ಲ. ಅಂಥವರಿಗೆ ಎರಡು ದಾರಿ ಇದೆ. ಒಂದು ಆರ್‌ಬಕಲ್ ಕಾಫಿ ಕಾರ್ಡ್, ಇನ್ನೊಂದು ಲೀಬಿಗ್ ಕಾರ್ಡ್.

ಆರ್‌ಬಕಲ್ ಸಹೋದರರು ಹುರಿದ ಕಾಫಿ ಬೀಜವನ್ನು ಪೊಟ್ಟಣ ಕಟ್ಟಿ ‘ಅರಿಯೋಸಾ’ ಹೆಸರಲ್ಲಿ ಮಾರುತ್ತಿದ್ದರು. ಪೊಟ್ಟಣದೊಳಗೆ ಒಂದು ಕಾರ್ಡ್. 1889ರಲ್ಲಿ ಅಮೆರಿಕದ ರಾಜ್ಯ ಮತ್ತು ಪ್ರಾಂತ್ಯಗಳ ನಕ್ಷೆಯ 50 ಕಾರ್ಡ್ ಬಂತು. ನಕ್ಷೆಯ ಪಕ್ಕದಲ್ಲೇ ಅಲ್ಲಿನ ಬೆಳೆ, ಗಣಿ, ಹಡಗು. 1893ರಲ್ಲಿ ಬೇರೆ ಬೇರೆ ದೇಶಗಳ ಆಟಗಳ ಸೆಟ್ ಬಂತು. ಅಮೆರಿಕದಲ್ಲಿರುವ ಕನ್ನಡಿಗರಿಗೆ ನನ್ನ ಸಲಹೆ ನಕ್ಷೆಯ ಸೆಟ್. ಬಿಡಿಬಿಡಿಯಾಗಿ ಸಿಗುತ್ತದೆ. ಪ್ರವಾಸ ಹೋದ ರಾಜ್ಯದ ಕಾರ್ಡನ್ನು ಹೋದ ಮೇಲೆಯೇ ಕೊಳ್ಳುವುದು ಅಂತ ನಮ್ಮ ಮನೆಯಲ್ಲಿ ಮಕ್ಕಳು ನಿಯಮ ಮಾಡಿಕೊಂಡಿದ್ದಾರೆ. ಹದಿನಾಲ್ಕು ಆಗಿದೆ.

ಲೀಬಿಗ್ ಯುರೋಪಿನದು. ಜರ್ಮನ್ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಹೆಸರಿನ, ಉರುಗ್ವೆಯ ಫ್ರೈ ಬೆಂಟೋಸ್‌ನಲ್ಲಿ ಮಾಂಸದ ಸಾರ ತಯಾರಿಸುತ್ತಿದ್ದ ಕಂಪನಿ. 1870ರ ದಶಕದಲ್ಲಿ ಶುರುವಾದ ಕಾರ್ಡ್ 1970ರ ದಶಕದವರೆಗೂ ಬಂತು. ಹೆಚ್ಚಿನವು ಆರಾರು ಕಾರ್ಡಿನ ಸೆಟ್, ಒಟ್ಟು ಸಾವಿರದ ಎಂಟುನೂರಕ್ಕೂ ಹೆಚ್ಚು ಸೆಟ್. ಅಚ್ಚಿನ ಕೆಲಸದಲ್ಲಿ ಅಮೆರಿಕದ ಕಾರ್ಡುಗಳು ಇದರ ಹತ್ತಿರವೂ ಬರುವುದಿಲ್ಲ. ಒಂದು ಸೆಟ್ಟಿಗೆ ಹತ್ತು ಹನ್ನೆರಡು ಬಣ್ಣ. ಆರೇ ಕಾರ್ಡಿಗೆ ಸೆಟ್ ಮುಗಿಯುವುದರಿಂದ ಬೇಗ ತೃಪ್ತಿಯೂ ಸಿಗುತ್ತದೆ. ಬೆನ್ನಿನ ಬರಹ ಮಾತ್ರ ಫ್ರೆಂಚ್, ಜರ್ಮನ್, ಇಟಾಲಿಯನ್, ಡಚ್ ಭಾಷೆಯಲ್ಲಿ. ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್ ಕಡೆ ಕೆಲಸಕ್ಕೆ ಹೋಗಿ ಭಾಷೆ ಕಲಿತವರಿಗೆ ಇದು ಹೇಳಿ ಮಾಡಿಸಿದ ಸಂಗ್ರಹ. ನನಗೆ ಓದಲು ಬರುವುದಿಲ್ಲ, ಅದಕ್ಕೇ ಎರಡು ಸೆಟ್ಟಿಗೆ ನಿಲ್ಲಿಸಿದೆ.

ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಸಿಗರೇಟ್ ಕಾರ್ಡ್ ಬಗ್ಗೆ ತುಂಬ ಜನ ಕೇಳುತ್ತಾರೆ. ನಾನು ಬೇಡ ಅಂತೀನಿ. ಅಲ್ಲಿನ ಚಿತ್ರ ಆಟಗಾರರದ್ದು, ನಟಿಯರದ್ದು, ಹಕ್ಕಿಗಳದ್ದು. ಜಾಹೀರಾತಿನ ಮಾತು ಅದರಲ್ಲಿ ಕಮ್ಮಿ. ಜೊತೆಗೆ ದುಡ್ಡು ಹೂಡುವವರು ಆ ಪೇಟೆಗೆ ನುಗ್ಗಿದ್ದಾರೆ. ಹೋನಸ್ ವಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟ ಆಯ್ತು. 18ನೇ ಶತಮಾನದ ಲಂಡನ್ ಟ್ರೇಡ್ ಕಾರ್ಡುಗಳೂ ಹೊಸಬರ ಕೈಗೆ ಎಟುಕುವುದಿಲ್ಲ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದವು, ಕಪ್ಪು ಬಿಳುಪು. ಸಾರಾ ಸೋಫಿಯಾ ಬ್ಯಾಂಕ್ಸ್ ಮತ್ತು ಆಂಬ್ರೋಸ್ ಹೀಲ್ ಕೂಡಿಟ್ಟವು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆನ್‌ಲೈನಿನಲ್ಲಿ ಪುಕ್ಕಟೆ ನೋಡಿ.

ಊರಲ್ಲೇ ಇರುವವರು ಏನು ಮಾಡಬೇಕು?

ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ಕಾರ್ಡ್ ತರಿಸಿದರೆ ಕಾರ್ಡಿಗಿಂತ ಅಂಚೆ ಖರ್ಚೇ ಜಾಸ್ತಿ. ನೀವು ಬಟ್ಟೆ ಟಿಕೆಟ್ ಕಡೆ ನೋಡಿ. ಟ್ರೇಡ್ ಕಾರ್ಡಿನ ಹತ್ತಿರದ ನೆಂಟ ಇದು. ಮ್ಯಾಂಚೆಸ್ಟರಿನಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಮಿಲ್ ಬಟ್ಟೆಯ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿ. ಟಿಕೆಟ್, ಟೀಕಾ, ಛಾಪ್ ಅಂತ ಹೆಸರು. ರ್‍ಯಾಲಿ ಬ್ರದರ್ಸ್, ಗ್ರಹಾಂ ಥರದ ವ್ಯಾಪಾರಿ ಸಂಸ್ಥೆಗಳು ಇವನ್ನು ಬಳಸಿದವು. ಕೃಷ್ಣ, ಲಕ್ಷ್ಮಿ, ಆನೆ, ಹುಲಿ, ಮಹಾರಾಜರು, ರೈಲು, ಎಲ್ಲವೂ ಇವೆ. ಇಂಗ್ಲಿಷ್ ಓದಲು ಬಾರದ ಗಿರಾಕಿ ಆನೆ ಛಾಪಿನ ಬಟ್ಟೆ ಕೊಡಿ ಅಂತ ಕೇಳಬೇಕು, ಅಷ್ಟೇ ಉದ್ದೇಶ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) 2025ರಲ್ಲಿ ಇವುಗಳದ್ದೇ ಪ್ರದರ್ಶನ ಇಟ್ಟಿತ್ತು.

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಟ್ರೇಡ್ ಕಾರ್ಡ್ ಗಿರಾಕಿಯ ಕೈಗೆ ಹೋಗುತ್ತಿತ್ತು, ಟಿಕೆಟ್ ಬಟ್ಟೆಯ ಜೊತೆ ಹೋಗುತ್ತಿತ್ತು. ಹಾಗಾಗಿ ಟಿಕೆಟ್ಟಿನ ಬೆನ್ನು ಖಾಲಿ. ಬೆನ್ನು ಓದಿ ಕೊಳ್ಳಿ ಅಂದ ನನ್ನ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಓದಬೇಕಾದ್ದು ಅಂಚು. ವ್ಯಾಪಾರಿ ಸಂಸ್ಥೆಯ ಹೆಸರು, ಊರು, ನೋಂದಣಿ ಗುರುತು ಅಲ್ಲಿ ಸಣ್ಣದಾಗಿ ಇರುತ್ತದೆ. ಅಂಚು ಕತ್ತರಿಸಿ ಫ್ರೇಮ್ ಹಾಕಿದ ಟಿಕೆಟ್ ಎಷ್ಟೇ ಚೆಂದ ಇರಲಿ, ಬೇಡ. ಒಬ್ಬ ದೇವರನ್ನೋ ಒಂದು ಪ್ರಾಣಿಯನ್ನೋ ಹಿಡಿದು ಕೂಡಿಟ್ಟರೆ ಸಂಗ್ರಹಕ್ಕೆ ಒಂದು ರೂಪ ಬರುತ್ತದೆ. ಹೊಸದಾಗಿ ಅಚ್ಚು ಹಾಕಿ ಚಹಾ ಬಣ್ಣ ಹಚ್ಚಿದವೂ ಮುಂಬೈಯ ಚೋರ್ ಬಜಾರಿನಂಥ ಜಾಗದಲ್ಲಿ ಸಿಗುತ್ತವೆ. ಲೂಪಿನ ಪಾಠ ಅಲ್ಲೂ ಅದೇ.

ವಿದೇಶದಲ್ಲಿರುವವರಿಗೆ ಒಂದು ಮಾತು. ಊರಿಗೆ ಬಂದಾಗ ಇವನ್ನು ಕೊಂಡು ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. ಭಾರತದ 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಕಲಾ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಮೊದಲು ಪುರಾತತ್ವ ಇಲಾಖೆಯನ್ನು ವಿಚಾರಿಸಿ.

ನೋಡಲು ಕಷ್ಟವಾಗುವ ಕಾರ್ಡುಗಳು

ಶೂ ಡಬ್ಬಿ ತಿರುವಿ ಹಾಕುವಾಗ ಇವೂ ಎದುರಾಗುತ್ತವೆ. ಕಪ್ಪು ದಾರದ ಬಣ್ಣ ಹೋಗುವುದಿಲ್ಲ ಅಂತ ಹೇಳಲು ಕಪ್ಪು ಮಗುವೊಂದನ್ನು ರೀಲಿನ ಮೇಲೆ ಬಿಸಿಲಿಗೆ ಕೂರಿಸಿದ ಕೋಟ್ಸ್ ಕಾರ್ಡ್ ಇದೆ. ಚೀನಾದವರು ತೊಲಗಬೇಕು ಅಂತ ಬರೆದ, ಬಟ್ಟೆ ಒಗೆಯುವ ಸರಕಿನ 1886ರ ಜಾಹೀರಾತು ಇದೆ. ಚೀನೀಯರ ವಲಸೆ ತಡೆಯುವ ಕಾನೂನು ಅಮೆರಿಕದಲ್ಲಿ ಬಂದದ್ದು 1882ರಲ್ಲಿ. ಹೊರಗಿಂದ ಬಂದು ಇಲ್ಲಿ ದುಡಿಯುವ ನನ್ನಂಥವನಿಗೆ ಆ ಕಾರ್ಡ್ ಹಿಡಿದರೆ ಕೈ ನಡುಗುತ್ತದೆ. ನನ್ನ ಹತ್ತಿರ ಎರಡಿವೆ. ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಮಗಳಿಗೆ ತೋರಿಸಿ ಏನಾಗಿತ್ತು ಅಂತ ಹೇಳಿದ್ದೇನೆ. ಗೋಡೆಗೆ ಹಾಕುವ ಸಾಮಾನು ಇವಲ್ಲ. ಸಂಗ್ರಹದಲ್ಲಿ ಬೇಡವೇ ಬೇಡ ಅಂತ ನಿಮಗನಿಸಿದರೆ ಅದೂ ಸರಿಯೇ.

ಬಿಡಿ ಕಾರ್ಡೋ, ಇಡೀ ಸ್ಕ್ರ್ಯಾಪ್‌ಬುಕ್ಕೋ?

ಹಳೆಯ ಸ್ಕ್ರ್ಯಾಪ್‌ಬುಕ್ ಸಿಕ್ಕರೆ ಲೆಕ್ಕದಲ್ಲಿ ಲಾಭ. ಒಂದೊಂದು ಕಾರ್ಡ್ ಕೆಲವೇ ಸೆಂಟಿಗೆ ಬಿದ್ದ ಹಾಗಾಗುತ್ತದೆ. ಆದರೆ ಅಂಟು ಹಾಕಿರುವುದರಿಂದ ಬೆನ್ನು ಓದಲು ಆಗುವುದಿಲ್ಲ. ಮೈದಾದ ಅಂಟಾಗಿದ್ದರೆ ನೀರಲ್ಲಿ ನೆನೆಸಿ ಬಿಡಿಸಬಹುದು ಅಂತ ಹೇಳುವವರಿದ್ದಾರೆ. ನಾನು ಒಮ್ಮೆ ಒಂದು ಒಳ್ಳೆಯ ಒಲೆ ಪಾಲಿಶ್ ಕಾರ್ಡನ್ನು ತಟ್ಟೆ ನೀರಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಕೆಂಪು ಶಾಯಿ ನೀರಿಗಿಳಿಯಿತು, ಮೇಲಿನ ಹೊಳಪು ಪದರ ಸುಕ್ಕಾಗಿ ಎದ್ದು ಬಂತು. ಅವತ್ತಿನಿಂದ ನೀರಿನ ಸಹವಾಸ ಇಲ್ಲ.

ಈಗ ನನ್ನ ಹತ್ತಿರ ಬಿಡಿಸದೆ ಇಟ್ಟ ಒಂದು ಪುಸ್ತಕ ಇದೆ. ಮೊದಲ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಹುಡುಗಿಯ ಹೆಸರು. ಸೋಪಿನ ಕಾರ್ಡೆಲ್ಲ ಒಂದು ಕಡೆ, ನಾಯಿಗಳೆಲ್ಲ ಇನ್ನೊಂದು ಕಡೆ. ನಡುವೆ ಒಂದು ಪುಟದಲ್ಲಿ ಮಾತ್ರ ನಾಲ್ಕು ಮೂಲೆಗೂ ಅದೇ ದಾರದ ಕಾರ್ಡ್. ಅವಳ ಅಮ್ಮ ಆ ದಾರವನ್ನೇ ಕೊಳ್ಳುತ್ತಿದ್ದಳೇನೋ. ಬಿಡಿಸಿ ಮಾರಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಬೆನ್ನು ಬೇಕೆಂದರೆ ಬಿಡಿ ಕಾರ್ಡ್ ಕೊಳ್ಳಿ. ಪುಸ್ತಕ ಕೊಂಡರೆ ಪುಸ್ತಕವಾಗೇ ಇರಲಿ.

ಇಡುವುದು ಹೇಗೆ ಅಂದ್ರೆ ಪಾಲಿಪ್ರಾಪಿಲಿನ್ ಅಥವಾ ಪಾಲಿಯೆಸ್ಟರ್ ಕವರಿನಲ್ಲಿ. ಪಿವಿಸಿ ಕವರ್ ಕೆಲವೇ ವರ್ಷದಲ್ಲಿ ಅಂಟಂಟಾಗಿ ಶಾಯಿ ಎಳೆಯುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ.

ಅಮೆರಿಕದಲ್ಲಿ ಇರುವವರು ಮೊದಲ 50 ಡಾಲರನ್ನು ಹೀಗೆ ಖರ್ಚು ಮಾಡಿ. ಹನ್ನೆರಡು ಡಾಲರಿಗೆ ಒಂದು ಲೂಪ್. ಎಂಟು ಡಾಲರಿಗೆ ಕವರ್. ಮಿಕ್ಕ ಮೂವತ್ತನ್ನು ಜೇಬಲ್ಲಿಟ್ಟುಕೊಂಡು ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಸಂತೆಗೆ ಹೋಗಿ. ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಆನ್‌ಲೈನಿನಲ್ಲೇ ಕೊಳ್ಳುವುದಾದರೆ ಬೆನ್ನಿನ ಫೋಟೋ ಕಳಿಸದ ವ್ಯಾಪಾರಿಯಿಂದ ಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು ಅಂತ ಯೋಚಿಸಿ ಆ ಸರಕು ಹುಡುಕಿ. ರೈತರ ಮನೆಯವರಿಗೆ ನೇಗಿಲಿನ ಕಾರ್ಡಿದೆ, ಬೇಕರಿಯವರಿಗೆ ಬೇಕಿಂಗ್ ಪೌಡರಿನದಿದೆ. ನನ್ನ ಅಪ್ಪನಿಗೆ ಕೋಟ್ಸ್ ಕಾರ್ಡಿನ ಫೋಟೋ ಕಳಿಸಿದಾಗ ಅವರು ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ರೀಲಿನ ಮೇಲಿನ ಚೀಟಿಯಲ್ಲಿ ನಂಬರ್ ಎಷ್ಟಿದೆ ನೋಡು ಅಂದರು. ಲೂಪ್ ಇಟ್ಟು ನೋಡಿದೆ. 50 ಅಂತ ಇತ್ತು.